ಲೆಕ್ಕಕ್ಕೆ ಬಾರದ ಪಾಸುಗಳು

ಕುವೆಂಪುನಗರದಲ್ಲಿ ನಾನು ಸಂಜೆ ಹೊತ್ತು ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುವ ಸಿಮೆಂಟ್ ಕೋರ್ಟಿನ ಎರಡು ರಿಂಗುಗಳ ಪೈಕಿ ಒಂದಕ್ಕೆ ಬಲೆ ಇಲ್ಲ. ಬಲೆಯಿಲ್ಲದ ರಿಂಗಿನಿಂದ ಚೆಂಡು ಸದ್ದಿಲ್ಲದೆ ಇಳಿಯುವುದರಿಂದ ಅದು ಒಳಗಿಂದ ಬಂತೋ ಪಕ್ಕದಿಂದ ಬಂತೋ ಎಂಬ ಜಗಳ ದಿನಕ್ಕೆ ಹತ್ತು ಸಲವಾದರೂ ಏಳುತ್ತದೆ, ಅದನ್ನು ತೀರ್ಮಾನಿಸುವುದೂ ನನ್ನ ಕೆಲಸವೇ ಆಗಿಬಿಟ್ಟಿದೆ. ಹೋದ ತಿಂಗಳು ಲೆಕ್ಕದ ಇನ್ನೊಂದು ಜಗಳ ನನ್ನ ಮುಂದೆ ಬಂತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬೆವರು ಒರೆಸಿಕೊಳ್ಳುತ್ತ ಬಂದು, "ಮಿಸ್, ಅಮೆರಿಕದ ಕಾಲೇಜಲ್ಲಿ ಎಲ್ಲರಿಗಿಂತ ಜಾಸ್ತಿ ಪಾಯಿಂಟ್ ಹೊಡೆದಿರೋದು ಕೇಟ್ಲಿನ್ ಕ್ಲಾರ್ಕ್ ಅಲ್ವಾ? ಇವನು ಯಾರೋ ಹಳೇ ಕಾಲದ ಪೀಟ್ ಅಂತಾನೆ" ಎಂದು ದೂರು ಹೇಳಿದಳು. ಹಿಂದೆ ನಿಂತಿದ್ದ ಹುಡುಗ ಮೊಬೈಲನ್ನು ಸಾಕ್ಷಿಯಂತೆ ಎತ್ತಿ ಹಿಡಿದಿದ್ದ.

ಇಬ್ಬರ ಮಾತೂ ಸರಿಯೆಂದು ಹೇಳಿ ಆ ಹೊತ್ತಿಗೆ ಜಗಳ ಬಿಡಿಸಿದೆ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲಿನ ಮೊದಲ ದರ್ಜೆಯಲ್ಲಿ ಗಂಡಸರ ಪೈಕಿ ಅತಿ ಹೆಚ್ಚು ಅಂಕ ಗಳಿಸಿದ ದಾಖಲೆ ಇವತ್ತಿಗೂ ಪೀಟ್ ಮ್ಯಾರಾವಿಚ್‌ನದು, 3,667. ಅಯೋವ ವಿಶ್ವವಿದ್ಯಾನಿಲಯದ ಕೇಟ್ಲಿನ್ ಕ್ಲಾರ್ಕ್ ಅವರು 2024ರ ಮಾರ್ಚ್ 3ರಂದು ಓಹಾಯೊ ಸ್ಟೇಟ್ ತಂಡದ ವಿರುದ್ಧ, ವಿರಾಮಕ್ಕೆ ಕ್ಷಣವಷ್ಟೇ ಉಳಿದಿದ್ದಾಗ ಸಿಕ್ಕ ಎರಡು ಫ್ರೀ ಥ್ರೋಗಳಿಂದ (ಎದುರಾಳಿಯ ತಪ್ಪಿಗೆ ಸಿಗುವ, ಯಾರೂ ಅಡ್ಡ ಬಾರದ, ತಲಾ ಒಂದಂಕದ ಎಸೆತಗಳು) ಆ ಸಂಖ್ಯೆಯನ್ನು ದಾಟಿದರು ಮತ್ತು ಆ ಋತು ಮುಗಿಯುವ ಹೊತ್ತಿಗೆ 3,951ಕ್ಕೆ ತಲುಪಿದ್ದರು. ಕೋರ್ಟಿನ ಅಂಚಿನಲ್ಲಿ ನಿಂತು ಕೊಡಬಹುದಾದ ಉತ್ತರ ಇಷ್ಟೇ. ಆದರೆ ಮನೆಗೆ ಬಂದು ಅಡುಗೆ ಮಾಡುವಾಗಲೂ ಪೀಟ್ ತಲೆಯಿಂದ ಹೋಗಲಿಲ್ಲ, ಏಕೆಂದರೆ ಆ ಸಂಖ್ಯೆ ಅವನ ಬಗ್ಗೆ ಹೇಳುವುದಕ್ಕಿಂತ ಮುಚ್ಚಿಡುವುದೇ ಹೆಚ್ಚು ಎಂಬ ತಕರಾರು ನನಗೆ ಬಹಳ ಹಿಂದಿನಿಂದಲೂ ಇದೆ. (ಅವನನ್ನು ಏಕವಚನದಲ್ಲಿ ಕರೆಯುವುದು ನಮ್ಮ ಕಾಲೇಜು ತಂಡದ ಹಳೆಯ ರೂಢಿ. ಮನೆಯ ಅಣ್ಣನನ್ನು ಕರೆದಂತೆ ಕರೆಯುತ್ತಿದ್ದೆವು, ಈಗ ಬದಲಾಯಿಸಲು ಬಾಯಿ ಬರುವುದಿಲ್ಲ.)

ನನಗೆ ಅವನ ಪರಿಚಯವಾದದ್ದು 1990ರ ದಶಕದಲ್ಲಿ, ಸರಸ್ವತಿಪುರಂನ ಒಂದು ಮನೆಯ ಹಾಲಿನಲ್ಲಿ. ನಮಗೆ ಆಟ ಕಲಿಸುತ್ತಿದ್ದ ಸರ್ ಅವರ ಸಂಬಂಧಿಕರೊಬ್ಬರು ಅಮೆರಿಕದಿಂದ ಬರುವಾಗ ಅಭ್ಯಾಸಪಾಠಗಳ ಒಂದು ವಿಡಿಯೊ ಕ್ಯಾಸೆಟ್ ತಂದುಕೊಟ್ಟಿದ್ದರು. ದಸರಾ ಕ್ರೀಡಾಕೂಟಕ್ಕೆ ಮುಂಚಿನ ಒಂದು ಭಾನುವಾರ ಹನ್ನೊಂದು ಹುಡುಗಿಯರು ಚಾಪೆಯ ಮೇಲೆ ಒತ್ತಾಗಿ ಕುಳಿತು ಅದನ್ನು ನೋಡಿದೆವು. ತೆರೆಯ ಮೇಲೆ ಸಣಕಲು ಮೈಯ, ಮಾತು ಮೆದುವಾದ ಒಬ್ಬ ಮನುಷ್ಯ ಚೆಂಡನ್ನು ತಲೆಯ ಸುತ್ತ, ಸೊಂಟದ ಸುತ್ತ, ಮಂಡಿಗಳ ಸುತ್ತ ತಿರುಗಿಸುತ್ತಿದ್ದ. ಮೊದಲು ನಿಧಾನವಾಗಿ, ಆಮೇಲೆ ಕೈ ಎಲ್ಲಿ ಮುಗಿದು ಚೆಂಡು ಎಲ್ಲಿ ಶುರುವಾಗುತ್ತದೆಂದು ಕಾಣದಷ್ಟು ವೇಗವಾಗಿ. ಬಳಿಕ ಕಾಲು ಅಗಲಿಸಿ ನಿಂತು ಚೆಂಡನ್ನು ಎರಡೂ ಕೈಯಿಂದ ತನ್ನ ಕಾಲುಗಳ ನಡುವೆ ನೆಲಕ್ಕೆ ಬಡಿದು, ಅದು ಹಿಂದೆ ಚಿಮ್ಮುವಷ್ಟರಲ್ಲಿ ಕೈಗಳನ್ನು ಬೆನ್ನ ಹಿಂದೆ ತಂದು ಹಿಡಿದುಕೊಂಡ. ನಮ್ಮಲ್ಲಿ ಒಬ್ಬಳು ಅಲ್ಲೇ ಎದ್ದು ಹಾಗೆ ಮಾಡಲು ಹೋಗಿ ಸರ್ ಮನೆಯ ಶೋಕೇಸಿನ ಗಾಜಿಗೆ ಚೆಂಡು ತಾಗಿಸಿದಳು. ಗಾಜು ಒಡೆಯಲಿಲ್ಲ, ಆದರೆ ಒಳಗಿದ್ದ ಗಂಧದ ಆನೆ ಮಗುಚಿಕೊಂಡಿತು. ಕ್ಯಾಸೆಟ್ ಮುಗಿದ ಮೇಲೆ ಸರ್ ಟಿವಿ ಆರಿಸಿ, ಈತ ಈಗ ಬದುಕಿಲ್ಲ, ನಲವತ್ತಕ್ಕೇ ಹೋದ ಎಂದು ಹೇಳಿ, ಚೆಂಡು ಎತ್ತಿಕೊಂಡು ಮೈದಾನಕ್ಕೆ ನಡೆಯಿರಿ ಎಂದರು.

ಪೀಟ್ ಹುಟ್ಟಿದ್ದು 1947ರ ಜೂನ್ 22ರಂದು, ಪೆನ್ಸಿಲ್ವೇನಿಯದ ಅಲಿಕ್ವಿಪ ಎಂಬ ಉಕ್ಕಿನ ಕಾರ್ಖಾನೆಯ ಊರಿನಲ್ಲಿ. ಅವನ ತಂದೆ ಪ್ರೆಸ್ ಮ್ಯಾರಾವಿಚ್ ವಲಸೆ ಬಂದ ಸರ್ಬ್ ಜನರ ಮಗ. ಕುಲುಮೆಯ ಊರಿನಿಂದ ಅವರನ್ನು ಹೊರಗೆ ಕರೆತಂದದ್ದು ಬ್ಯಾಸ್ಕೆಟ್‌ಬಾಲ್ ಒಂದೇ ಆಗಿದ್ದುದರಿಂದ, ಮಗನಿಗೆ ಆಸ್ತಿಯಾಗಿ ಕೊಡಲು ಅವರ ಬಳಿ ಇದ್ದದ್ದೂ ಅದೇ. ವೃತ್ತಿಪರ ಆಟಗಾರನಾಗಿ ಅವರ ಕಾಲ ಚಿಕ್ಕದಾಗಿತ್ತು, ಆಮೇಲೆ ಕೋಚ್ ಆದರು. ತಾವು ಆಡಲಾಗದ ಆಟವನ್ನು ಮಗನ ಕೈಯಲ್ಲಿ ಆಡಿಸಬೇಕೆಂದು ಅವರು ಹೊಸ ಹೊಸ ಅಭ್ಯಾಸಗಳನ್ನು ತಾವೇ ಕಂಡುಹಿಡಿದರು, ಒಂದೊಂದಕ್ಕೂ ಹೆಸರಿಟ್ಟರು. ಹುಡುಗ ಸೈಕಲ್ ತುಳಿಯುತ್ತ ಚೆಂಡು ಪುಟಿಸಿದ. ಸಿನಿಮಾ ನೋಡುವಾಗ ನಡುದಾರಿಯ ಪಕ್ಕದ ಸೀಟಿನಲ್ಲಿ ಕುಳಿತು ಕತ್ತಲಲ್ಲಿ ಪುಟಿಸಿದ. ತಂದೆ ಕಾರು ಓಡಿಸುತ್ತಿದ್ದರೆ ಬಾಗಿಲಿನಿಂದ ಹೊರಕ್ಕೆ ಬಾಗಿ ರಸ್ತೆಯ ಮೇಲೆ ಪುಟಿಸಿದ, ತಂದೆ ವೇಗ ಹೆಚ್ಚಿಸುತ್ತ ಕಡಿಮೆ ಮಾಡುತ್ತ ಹೋದರು. ಚಿಕ್ಕವನಾಗಿದ್ದಾಗ ಚೆಂಡನ್ನು ಹೆಗಲಿಗಿಂತ ಮೇಲೆತ್ತುವ ಶಕ್ತಿ ಇಲ್ಲದೆ ಸೊಂಟದ ಬಳಿಯಿಂದಲೇ ಎಸೆಯುತ್ತಿದ್ದನಾದ್ದರಿಂದ, ಒರೆಯಿಂದ ಪಿಸ್ತೂಲು ಸೆಳೆದ ಹಾಗೆ ಕಾಣುತ್ತದೆಂದು ಅವನಿಗೆ 'ಪಿಸ್ಟಲ್' ಎಂಬ ಅಡ್ಡಹೆಸರು ಬಿತ್ತು. ಅದು ಕೊನೆಯವರೆಗೂ ಬಿಡಲಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಪ್ರೆಸ್ ಕಲಿಸಿದ್ದರಲ್ಲಿ ಬಹುಪಾಲು ಬುಟ್ಟಿಗೆ ಹಾಕುವ ವಿದ್ಯೆಯಲ್ಲ, ಚೆಂಡನ್ನು ಕೈಯೊಳಗೆ ಆಡಿಸುವ ಮತ್ತು ಇನ್ನೊಬ್ಬರಿಗೆ ಅನಿರೀಕ್ಷಿತವಾಗಿ ಕೊಡುವ ವಿದ್ಯೆ. ಬೆನ್ನ ಹಿಂದಿನಿಂದ ಪಾಸ್, ಕಾಲುಗಳ ನಡುವಿನಿಂದ ಪಾಸ್, ಎಡಕ್ಕೆ ನೋಡುತ್ತ ಬಲಕ್ಕೆ ಪಾಸ್. ನೋಡದೆ ಕೊಡುವ ಈ ಪಾಸುಗಳು ಇವತ್ತು ಹೈಸ್ಕೂಲು ಹುಡುಗರಿಗೂ ಗೊತ್ತು, ಆದರೆ 1960ರ ದಶಕದ ಕೋಚುಗಳಿಗೆ ಅದು ಶುದ್ಧ ಅಹಂಕಾರವಾಗಿ ಕಾಣುತ್ತಿತ್ತು. ಸಹ ಆಟಗಾರರೇ ಸಿದ್ಧರಿರದೆ ಅವನ ಪಾಸು ಅವರ ಎದೆಗೆ, ಮುಖಕ್ಕೆ ಬಡಿದು ಹೊರಗೆ ಹೋಗುತ್ತಿದ್ದದ್ದೂ ಉಂಟು. ನನ್ನ ಕಣ್ಣಿಗೆ ಅವನು ಹುಟ್ಟಿನಿಂದ ಪಾಸ್ ಕೊಡುವವನು, ಅಂಕ ಗಳಿಸುವವನಾಗಿ ಅವನನ್ನು ನೇಮಿಸಿದ್ದು ತಂದೆ.

ನೇಮಕವೆಂದರೆ ನೇಮಕವೇ. 1966ರಲ್ಲಿ ಪ್ರೆಸ್ ಅವರು ಬೇಟನ್ ರೂಜ್‌ನ ಲೂಸಿಯಾನ ಸ್ಟೇಟ್ ಯೂನಿವರ್ಸಿಟಿಗೆ ಕೋಚ್ ಆಗಿ ಹೋದರು, ಮಗನೂ ಅಲ್ಲಿಗೇ ಸೇರಬೇಕಾಯಿತು. ಅದು ಫುಟ್‌ಬಾಲಿಗೆ ಪ್ರಾಣ ಬಿಡುವ ಊರು, ಬ್ಯಾಸ್ಕೆಟ್‌ಬಾಲ್ ಅಲ್ಲಿ ಲೆಕ್ಕಕ್ಕುಂಟು ಆಟಕ್ಕಿಲ್ಲ ಎಂಬಂತಿತ್ತು. ಪಂದ್ಯಗಳು ನಡೆಯುತ್ತಿದ್ದುದು ದನಗಳ ಪ್ರದರ್ಶನಕ್ಕೆಂದು ಕಟ್ಟಿದ ಕೃಷಿ ಸಭಾಂಗಣದಲ್ಲಿ, ಅಂದರೆ ನಮ್ಮ ಚುಂಚನಕಟ್ಟೆ ಜಾತ್ರೆಯ ಮಾಳಕ್ಕೆ ಸೂರು ಕಟ್ಟಿ, ಹಲಗೆ ಹಾಸಿ ಆಟ ಆಡಿಸಿದಂತೆ. ಪ್ರೆಸ್ ಅವರ ಮೊದಲ ವರ್ಷ ತಂಡ ಗೆದ್ದದ್ದು 3 ಪಂದ್ಯ, ಸೋತದ್ದು 23. ಆಗಿನ ನಿಯಮದಂತೆ ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲವಾದ್ದರಿಂದ ಪೀಟ್ ಕಿರಿಯರ ತಂಡದಲ್ಲಿ ಪಂದ್ಯಕ್ಕೆ 43.6ರ ಸರಾಸರಿಯಲ್ಲಿ ಅಂಕ ಹೊಡೆಯುತ್ತಿದ್ದ. ಕಿರಿಯರ ಪಂದ್ಯ ನೋಡಲು ತುಂಬಿದ ಜನ, ಅದರ ನಂತರ ನಡೆಯುವ ಮುಖ್ಯ ತಂಡದ ಪಂದ್ಯಕ್ಕೆ ಕಾಯದೆ ಎದ್ದು ಹೋಗುತ್ತಿದ್ದರು. ಆ ಒಂದು ಇಡೀ ವರ್ಷದ ಅಂಕಗಳು 3,667ರಲ್ಲಿ ಸೇರಿಲ್ಲ.

ಸೇರಿರುವುದನ್ನು ಒಮ್ಮೆ ಬಿಡಿಸಿ ನೋಡೋಣ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಮೊತ್ತ ಕಂಡರೆ ಕೂಡಿದ್ದು ಹೇಗೆಂದು ನೋಡದೆ ಸಮಾಧಾನವಾಗುವುದಿಲ್ಲ. 1967ರಿಂದ 1970ರವರೆಗಿನ ಮೂರು ಋತುಗಳಲ್ಲಿ, 83 ಪಂದ್ಯಗಳಲ್ಲಿ, ಅವನು ಹಾಕಿದ ಬುಟ್ಟಿಗಳು 1,387. ಮೂರು ಅಂಕದ ಗೆರೆ ಆಗ ಇರಲೇ ಇಲ್ಲವಾದ್ದರಿಂದ ಎಷ್ಟು ದೂರದಿಂದ ಹಾಕಿದರೂ ತಲಾ ಎರಡೇ, ಒಟ್ಟು 2,774. ಫ್ರೀ ಥ್ರೋಗಳು 893. ಕೂಡಿದರೆ 3,667, ಪಂದ್ಯಕ್ಕೆ ಸರಾಸರಿ 44.2. ಮೂರು ವರ್ಷಗಳ ಸರಾಸರಿಗಳು ಕ್ರಮವಾಗಿ 43.8, 44.2, 44.5. ಒಬ್ಬ ಆಟಗಾರ ಒಂದು ಪಂದ್ಯದಲ್ಲಿ ನಲವತ್ತು ದಾಟಿದರೆ ಮರುದಿನ ಪತ್ರಿಕೆಯಲ್ಲಿ ಫೋಟೊ ಬರುವ ಆಟವಿದು, ಇವನು ಮೂರು ವರ್ಷ ಪ್ರತಿ ಸಂಜೆ ಸರಾಸರಿಯಲ್ಲಿ ಅದನ್ನು ಮಾಡಿದ. 28 ಪಂದ್ಯಗಳಲ್ಲಿ ಐವತ್ತು ಅಥವಾ ಹೆಚ್ಚು. 1970ರ ಜನವರಿ 31ರಂದು ಮಿಸಿಸಿಪ್ಪಿ ವಿಶ್ವವಿದ್ಯಾನಿಲಯದ ವಿರುದ್ಧ 53 ಅಂಕ ಹೊಡೆದು ಆಸ್ಕರ್ ರಾಬರ್ಟ್‌ಸನ್ ಅವರ 2,973ರ ದಾಖಲೆಯನ್ನು ಹಿಂದೆ ಹಾಕಿದ, ಆ ಬಳಿಕವೂ ಸುಮಾರು ಏಳುನೂರು ಅಂಕ ಸೇರಿಸಿದ.

ಈಗ ಅದೇ ಲೆಕ್ಕದ ಇನ್ನೊಂದು ಪುಟ. ಆ 1,387 ಬುಟ್ಟಿಗಳಿಗೆ ಅವನು ಮಾಡಿದ ಪ್ರಯತ್ನಗಳು 3,166, ಪಂದ್ಯಕ್ಕೆ 38. ಕಾಲೇಜು ಪಂದ್ಯದ ಅವಧಿ 40 ನಿಮಿಷ, ಹಾಗಾಗಿ ಹೆಚ್ಚು ಕಡಿಮೆ ನಿಮಿಷಕ್ಕೊಂದು. ಯಾವ ಕೋಚ್ ಒಬ್ಬ ಹುಡುಗನಿಗೆ ಅಷ್ಟು ಸಲ ಎಸೆಯಲು ಬಿಟ್ಟಾನು? ತಂದೆಯಾದ ಕೋಚ್ ಮಾತ್ರ ಬಿಟ್ಟಾನು. 1970ರ ಫೆಬ್ರುವರಿ 7ರಂದು ಅಲಬಾಮದ ವಿರುದ್ಧ ಪೀಟ್ 57 ಸಲ ಎಸೆದು 69 ಅಂಕ ಗಳಿಸಿದ. ಅದು ಅವನ ಕಾಲೇಜು ಜೀವನದ ಅತ್ಯಧಿಕ. ತಂಡ 106–104ರಲ್ಲಿ ಸೋತಿತು. ಅವನಿದ್ದ ಮೂರು ವರ್ಷಗಳಲ್ಲಿ ತಂಡದ ಗೆಲುವು ಸೋಲುಗಳು 14–12, 13–13, 22–10. ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಮುಖ್ಯ ಟೂರ್ನಿಗೆ ಒಮ್ಮೆಯೂ ಹೋಗಲಿಲ್ಲ, ಕೊನೆಯ ವರ್ಷ ನ್ಯೂಯಾರ್ಕಿನ ಎನ್‌ಐಟಿ ಟೂರ್ನಿಯಲ್ಲಿ ಸೆಮಿಫೈನಲ್ ಮುಟ್ಟಿದ್ದೇ ದೊಡ್ಡದು. ಇಷ್ಟಾಗಿಯೂ ಅವನು ಕೊಟ್ಟ ಪಾಸುಗಳಿಂದ ಬಂದ ಬುಟ್ಟಿಗಳು, ಅಂದರೆ ಅಸಿಸ್ಟುಗಳು, ಕೊನೆಯ ಋತುವಿನಲ್ಲಿ ಪಂದ್ಯಕ್ಕೆ ಆರರ ಮೇಲಿದ್ದವು. ನಿಮಿಷಕ್ಕೊಂದು ಸಲ ತಾನೇ ಎಸೆಯುವವನು ಅದರ ನಡುವೆ ಇನ್ನೊಬ್ಬರಿಗೂ ಅಷ್ಟು ಮಾಡಿಕೊಟ್ಟ ಎಂಬುದು ನನಗೆ 44.2ಕ್ಕಿಂತ ದೊಡ್ಡ ಬೆರಗು. ಗಂಡಸರ ಕಾಲೇಜು ಆಟದ ರಾಷ್ಟ್ರೀಯ ದಾಖಲೆಗಳಲ್ಲಿ ಅಸಿಸ್ಟುಗಳಿಗೆ ಕಾಯಂ ಜಾಗ ಸಿಕ್ಕಿದ್ದು 1980ರ ದಶಕದಲ್ಲಿ, ಅಲ್ಲಿಯವರೆಗೆ ಪಾಸ್ ಕೊಟ್ಟವನ ಹೆಸರು ಆಯಾ ಕಾಲೇಜಿನ ಪುಸ್ತಕದಲ್ಲಿದ್ದರೆ ಇತ್ತು.

ಆ ಅಂಕಗಳು ಯಾರ ವಿರುದ್ಧ ಬಂದವು ಎಂಬುದನ್ನೂ ಹೇಳದೆ ಬಿಡುವುದು ಸರಿಯಲ್ಲ. ಅಮೆರಿಕದ ಆಗ್ನೇಯ ರಾಜ್ಯಗಳ ಆ ಕಾಲೇಜು ಕೂಟದಲ್ಲಿ ಆಗ ಕರಿಯ ಆಟಗಾರರಿಗೆ ಬಾಗಿಲು ತೆರೆಯುತ್ತಿದ್ದುದಷ್ಟೆ. ಅಲ್ಲಿ ಮುಖ್ಯ ತಂಡದಲ್ಲಿ ಆಡಿದ ಮೊದಲ ಕರಿಯ ಆಟಗಾರ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದ ಪೆರಿ ವಾಲೆಸ್, ಅವರ ಕಾಲ ಸರಿಯಾಗಿ ಪೀಟ್‌ನ ಕಾಲವೇ. ಪೀಟ್‌ನ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಮೊದಲ ಕರಿಯ ಆಟಗಾರ ಸೇರಿದ್ದು ಅವನು ಹೋದ ಮೇಲೆ. ದೇಶದ ಅತ್ಯುತ್ತಮ ರಕ್ಷಣಾ ಆಟಗಾರರಲ್ಲಿ ಎಷ್ಟೋ ಮಂದಿ ಆ ಅಂಗಳಕ್ಕೆ ಕಾಲಿಡುವಂತೆಯೇ ಇರಲಿಲ್ಲ. ಇದು ಪೀಟ್‌ನ ತಪ್ಪಲ್ಲ. ಆದರೂ ಮೂರು ಅಂಕದ ಗೆರೆ ಇದ್ದಿದ್ದರೆ ಅವನದು ಇನ್ನೂ ಎಷ್ಟಾಗುತ್ತಿತ್ತು ಎಂದು ಉತ್ಸಾಹದಿಂದ ಗುಣಿಸುವ ಅಭಿಮಾನಿಗಳು ಈ ಕಡೆಯನ್ನೂ ಕಳೆದು ನೋಡಬೇಕಲ್ಲವೇ?

ಸಂಖ್ಯೆಯ ಮೋಹದ ಬಗ್ಗೆ ಹೇಳುವಾಗ ಆಂಟ್ವಾನ್ ಡೇವಿಸ್ ಅವರನ್ನು ಮರೆಯಲಾಗದು. 2023ರ ಮಾರ್ಚಿನಲ್ಲಿ ಡೆಟ್ರಾಯಿಟ್ ಮರ್ಸಿ ವಿಶ್ವವಿದ್ಯಾನಿಲಯದ ಈ ಆಟಗಾರ 3,664ಕ್ಕೆ ಬಂದು ನಿಂತರು, ಪೀಟ್‌ಗಿಂತ ಮೂರು ಕಡಿಮೆ. ಒಂದೇ ಒಂದು ದೂರದ ಎಸೆತ. ಅವರ ತಂಡ ಕೂಟದ ಪಂದ್ಯದಲ್ಲಿ ಸೋತು, ಮುಂದೆ ಯಾವ ಟೂರ್ನಿಗೂ ಕರೆ ಬರದೆ, ಅವರ ಕಾಲೇಜು ಆಟ ಅಲ್ಲಿಗೇ ಮುಗಿಯಿತು. ಅವರು ಅಷ್ಟನ್ನು ಗಳಿಸಿದ್ದು ಐದು ಋತುಗಳ 144 ಪಂದ್ಯಗಳಲ್ಲಿ, ಕೋವಿಡ್ ಕಾರಣಕ್ಕೆ ಎಲ್ಲರಿಗೂ ಸಿಕ್ಕ ಒಂದು ಹೆಚ್ಚುವರಿ ವರ್ಷವೂ ಅದರಲ್ಲಿ ಸೇರಿತ್ತು. ಅವರಿಗೂ ಕೋಚ್ ಆಗಿದ್ದವರು ಸ್ವಂತ ತಂದೆಯೇ! ಈ ಆಟದ ದೊಡ್ಡ ಮೊತ್ತಗಳ ಹಿಂದೆ ಒಬ್ಬ ಅಪ್ಪ ನಿಂತಿರುವುದು ಕಾಕತಾಳೀಯವೆಂದು ನನಗೆ ಅನ್ನಿಸುವುದಿಲ್ಲ.

ವೃತ್ತಿಪರ ಆಟದ ಹತ್ತು ವರ್ಷಗಳನ್ನು ನಾನು ಬೇಗ ಹೇಳಿ ಮುಗಿಸುತ್ತೇನೆ, ಅದರಲ್ಲಿ ಒಂದು ರಾತ್ರಿಯನ್ನೂ ಒಂದು ಜಿಗಿತವನ್ನೂ ಬಿಟ್ಟು. 1970ರ ಡ್ರಾಫ್ಟಿನಲ್ಲಿ, ಅಂದರೆ ವೃತ್ತಿಪರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ದಿನ, ಮೂರನೆಯ ಆಯ್ಕೆಯಾಗಿ ಅಟ್ಲಾಂಟ ಹಾಕ್ಸ್ ತಂಡ ಅವನನ್ನು 19 ಲಕ್ಷ ಡಾಲರಿನ ಕರಾರಿಗೆ ತೆಗೆದುಕೊಂಡಿತು. ಆಗಷ್ಟೇ ತಮ್ಮ ವಿಭಾಗದಲ್ಲಿ ಮೊದಲ ಸ್ಥಾನ ಪಡೆದಿದ್ದ ಅನುಭವಿ ಆಟಗಾರರಿಗೆ, ಇನ್ನೂ ಒಂದು ಪಂದ್ಯವನ್ನೂ ಆಡದ ಬಿಳಿಯ ಹುಡುಗನಿಗೆ ಇಷ್ಟು ದುಡ್ಡು ಕೊಟ್ಟದ್ದು ಹೇಗೆ ಸಹ್ಯವಾದೀತು? ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ, 48 ಪಂದ್ಯ ಗೆದ್ದಿದ್ದ ತಂಡ ಅವನು ಬಂದ ವರ್ಷ 36ಕ್ಕೆ ಇಳಿಯಿತು. 1974ರಲ್ಲಿ ಹೊಸದಾಗಿ ಹುಟ್ಟುತ್ತಿದ್ದ ನ್ಯೂ ಆರ್ಲಿಯನ್ಸ್ ಜ್ಯಾಝ್ ತಂಡಕ್ಕೆ ಹೋದ, ತಂಡವೆಂಬುದು ಇನ್ನೂ ಕಾಗದದ ಮೇಲೆ ಇದ್ದಾಗಲೇ. ಅದೇ ವರ್ಷ ತಾಯಿ ಆತ್ಮಹತ್ಯೆ ಮಾಡಿಕೊಂಡರು. ಕುಡಿತ ಮೊದಲೇ ಅಂಟಿತ್ತು.

ಆ ಒಂದು ರಾತ್ರಿ 1977ರ ಫೆಬ್ರುವರಿ 25ರದು. ನ್ಯೂಯಾರ್ಕ್ ನಿಕ್ಸ್ ವಿರುದ್ಧ ಪೀಟ್ 43 ಎಸೆತಗಳಲ್ಲಿ 26 ಬುಟ್ಟಿ ಹಾಕಿ, 16 ಫ್ರೀ ಥ್ರೋ ಸೇರಿಸಿ 68 ಅಂಕ ಗಳಿಸಿದ. ಪಂದ್ಯ ಮುಗಿಯಲು ಇನ್ನೂ ಒಂದು ನಿಮಿಷಕ್ಕಿಂತ ಹೆಚ್ಚು ಇರುವಾಗ ಆರನೆಯ ಫೌಲ್ ಆಗಿ ಹೊರಗೆ ಕೂರಬೇಕಾಯಿತು, ಇಲ್ಲದಿದ್ದರೆ ಎಪ್ಪತ್ತು ದಾಟುತ್ತಿತ್ತು. ಅವನನ್ನು ತಡೆಯುವ ಪಾಳಿ ಆ ರಾತ್ರಿ ಬಿದ್ದವರಲ್ಲಿ ವಾಲ್ಟ್ ಫ್ರೇಝಿಯರ್ ಒಬ್ಬರು. ಅವರು ಆ ಕಾಲದ ಅತ್ಯುತ್ತಮ ರಕ್ಷಣಾ ಗಾರ್ಡುಗಳಲ್ಲಿ ಒಬ್ಬರೆಂದರೆ ಆ 68ರ ತೂಕ ಗೊತ್ತಾಗುತ್ತದೆ. ಅಲ್ಲಿಯವರೆಗೆ ಆ ಲೀಗಿನಲ್ಲಿ ಒಂದು ಪಂದ್ಯದಲ್ಲಿ ಅದಕ್ಕಿಂತ ಹೆಚ್ಚು ಹೊಡೆದಿದ್ದವರು ವಿಲ್ಟ್ ಚೇಂಬರ್ಲೇನ್ ಮತ್ತು ಎಲ್ಜಿನ್ ಬೇಲರ್ ಇಬ್ಬರೇ. ಆ ಋತುವಿನಲ್ಲಿ ಪಂದ್ಯಕ್ಕೆ 31.1ರ ಸರಾಸರಿಯೊಂದಿಗೆ ಇಡೀ ಲೀಗಿಗೆ ಮೊದಲಿಗನಾದ. ಕಾಲೇಜಿನ ಅಂಕಗಳ ಬಗ್ಗೆ ನಾನು ಎತ್ತಿದ ಪ್ರಶ್ನೆಗಳಿಗೆಲ್ಲ ಇದೊಂದು ಒಳ್ಳೆಯ ಉತ್ತರವೆಂದು ಒಪ್ಪಲೇಬೇಕು, ಇಲ್ಲಿ ಎದುರಾಳಿಗಳನ್ನು ಚರ್ಮ ನೋಡಿ ಆರಿಸಿರಲಿಲ್ಲ, ಕೋಚ್ ಕೂಡ ಅಪ್ಪನಾಗಿರಲಿಲ್ಲ.

ಜಿಗಿತದ ಕಥೆ ಮರುವರ್ಷದ್ದು. 1978ರ ಜನವರಿಯ ಕೊನೆಯಲ್ಲಿ ಬಫಲೊ ತಂಡದ ವಿರುದ್ಧದ ಪಂದ್ಯವನ್ನು ಜ್ಯಾಝ್ ಆರಾಮವಾಗಿ ಗೆಲ್ಲುತ್ತಿತ್ತು. ಪೀಟ್ ಅಂದು ಅಂಕಕ್ಕಿಂತ ಪಾಸಿನ ಹುರುಪಿನಲ್ಲಿದ್ದ, ಅಸಿಸ್ಟುಗಳು ಹದಿನೈದಕ್ಕೆ ಬಂದಿದ್ದವು. ಮೇಲಕ್ಕೆ ಹಾರಿ, ಗಾಳಿಯಲ್ಲಿರುವಾಗಲೇ ಚೆಂಡನ್ನು ಕಾಲುಗಳ ನಡುವಿನಿಂದ ದೂರದ ಸಹ ಆಟಗಾರನಿಗೆ ಕಳಿಸಿ ಕೆಳಗಿಳಿಯುವಾಗ ಮಂಡಿ ತಿರುಚಿತು. ಆ ಮಂಡಿ ಮತ್ತೆ ಮೊದಲಿನಂತಾಗಲೇ ಇಲ್ಲ. ಮೂವತ್ತೊಂದು ತುಂಬುವ ಮುಂಚೆಯೇ ಅವನ ಆಟದ ಬೆನ್ನು ಮುರಿದದ್ದು ಬುಟ್ಟಿಗೆ ಎಸೆದ ಚೆಂಡಲ್ಲ, ಕೊಟ್ಟ ಪಾಸು. ಅವನ ಆಟದ ಬಗ್ಗೆ ಮಾತಾಡುವಾಗಲೆಲ್ಲ ನನಗೆ ಮೊದಲು ನೆನಪಾಗುವುದು ಇದೇ.

ಉಳಿದದ್ದು ಇಳಿಜಾರು. ತಂಡ 1979ರಲ್ಲಿ ಯೂಟಾಗೆ ಸ್ಥಳಾಂತರವಾಯಿತು. ಅಲ್ಲಿ ಹೆಚ್ಚಾಗಿ ಬೆಂಚಿನ ಮೇಲೆ ಕೂರಿಸಿ, 1980ರ ಜನವರಿಯಲ್ಲಿ ಕೈಬಿಟ್ಟರು. ಬಾಸ್ಟನ್ ಸೆಲ್ಟಿಕ್ಸ್ ಕರೆದುಕೊಂಡಿತು, ಮುಂದೆ ಆ ತಂಡದ ದೊಡ್ಡ ಹೆಸರಾದ ಲ್ಯಾರಿ ಬರ್ಡ್ ಅವರ ಮೊದಲ ವರ್ಷ ಅದು. ಆ ಋತುವಿನಲ್ಲೇ ವೃತ್ತಿಪರ ಲೀಗ್ ಮೂರು ಅಂಕದ ಗೆರೆಯನ್ನು ಎಳೆದಿತ್ತು. ತನ್ನ ಜೀವನದ ಆ ಒಂದೇ ಒಂದು ಋತುವಿನಲ್ಲಿ, ಕುಂಟುವ ಕಾಲಿನಲ್ಲಿ, ಪೀಟ್ ಗೆರೆಯಾಚೆಯಿಂದ 15 ಸಲ ಎಸೆದು 10 ಹಾಕಿದ. ಮುಂದಿನ ಋತು ಶುರುವಾಗುವ ಮೊದಲೇ ಆಟ ಬಿಟ್ಟ. ಆ ಋತುವಿನ ಕೊನೆಗೆ, 1981ರಲ್ಲಿ, ಬಾಸ್ಟನ್ ಚಾಂಪಿಯನ್ ಆಯಿತು. ಅವನ ವೃತ್ತಿಪರ ಲೆಕ್ಕ 658 ಪಂದ್ಯಕ್ಕೆ 15,948 ಅಂಕ, ಸರಾಸರಿ 24.2, ಚಾಂಪಿಯನ್ನರಿಗೆ ಕೊಡುವ ಉಂಗುರ ಒಂದೂ ಇಲ್ಲ.

ಆಮೇಲಿನ ಎರಡು ವರ್ಷ ಅವನು ಮನೆಯಿಂದ ಹೊರಗೆ ಬಂದದ್ದೇ ಅಪರೂಪ. ಯೋಗ ಮಾಡಿದ, ಹಿಂದೂ ಧರ್ಮದ ಆಚರಣೆಗಳನ್ನು ಪ್ರಯತ್ನಿಸಿದ, ಸಸ್ಯಾಹಾರಿಯಾದ, ಹಾರುವ ತಟ್ಟೆಗಳ ಬಗ್ಗೆ ಓದಿದ. ಗೋಕುಲಂನ ಬೀದಿಗಳಲ್ಲಿ ಚಾಪೆ ಸುತ್ತಿ ಹೆಗಲಿಗೇರಿಸಿಕೊಂಡು ಹೋಗುವ ಬಿಳಿಯರನ್ನು ಕಂಡಾಗ ಒಮ್ಮೊಮ್ಮೆ ನನಗೆ ಅವನ ನೆನಪಾಗುತ್ತದೆ. ಕೊನೆಗೆ 1982ರ ಸುಮಾರಿಗೆ ಅವನಿಗೆ ನೆಮ್ಮದಿ ಸಿಕ್ಕಿದ್ದು ಕ್ರಿಸ್ತನಲ್ಲಿ, ಕುಡಿತವೂ ಬಿಟ್ಟಿತು. ನಾವು ನೋಡಿದ ಕ್ಯಾಸೆಟ್ ಆ ನೆಮ್ಮದಿಯ ವರ್ಷಗಳದು. ಕ್ಯಾನ್ಸರ್ ಆಗಿದ್ದ ತಂದೆಯನ್ನು ಕೊನೆಯವರೆಗೂ ಅವನೇ ನೋಡಿಕೊಂಡ. ಪ್ರೆಸ್ ತೀರಿಕೊಂಡದ್ದು 1987ರ ಏಪ್ರಿಲಿನಲ್ಲಿ, ಮಗ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿದ್ದು ಅದಾದ ಕೆಲವೇ ವಾರಗಳಿಗೆ. ಕಾರಿನಲ್ಲಿ ವೇಗ ಹೆಚ್ಚಿಸುತ್ತ ಮಗನಿಂದ ಚೆಂಡು ಪುಟಿಸಿದ ಮನುಷ್ಯ ಆ ವೇದಿಕೆಯನ್ನು ನೋಡಲಿಲ್ಲ.

1988ರ ಜನವರಿ 5ರಂದು ಕ್ಯಾಲಿಫೋರ್ನಿಯದ ಪಸಡೀನದಲ್ಲಿ, ಒಂದು ಚರ್ಚಿನ ಅಂಕಣದಲ್ಲಿ ಗೆಳೆಯರೊಡನೆ ಸುಮ್ಮನೆ ಮೋಜಿಗೆ ಆಡುತ್ತಿದ್ದ ಪೀಟ್ ಕುಸಿದುಬಿದ್ದು ಸತ್ತ. ವಯಸ್ಸು ನಲವತ್ತು. ಶವಪರೀಕ್ಷೆಯಲ್ಲಿ ಕಂಡದ್ದೇನೆಂದರೆ, ಹೃದಯಕ್ಕೆ ರಕ್ತ ಒದಗಿಸುವ ಎಡಗಡೆಯ ಮುಖ್ಯ ಅಪಧಮನಿ ಅವನಿಗೆ ಹುಟ್ಟಿನಿಂದಲೇ ಇರಲಿಲ್ಲ, ಬಲಗಡೆಯದೇ ದಪ್ಪವಾಗಿ ಬೆಳೆದು ಎರಡರ ಕೆಲಸವನ್ನೂ ಮಾಡುತ್ತಿತ್ತು. ನಿಮಿಷಕ್ಕೊಂದು ಎಸೆತ, ಹತ್ತು ವರ್ಷದ ವೃತ್ತಿಪರ ಆಟ, ಎಲ್ಲವೂ ಆ ಒಂದೇ ಕೊಳವೆಯ ಮೇಲೆ ನಡೆದಿತ್ತು. ಹತ್ತು ವರ್ಷ ವೃತ್ತಿಪರ ಆಟ ಆಡಿ ನಲವತ್ತಕ್ಕೆ ಹೃದಯಾಘಾತದಿಂದ ಸಾಯುವುದು ನನಗೆ ಬೇಡ ಎಂಬರ್ಥದ ಮಾತನ್ನು ಅವನು 1974ರಷ್ಟು ಹಿಂದೆಯೇ ಸಂದರ್ಶನವೊಂದರಲ್ಲಿ ಆಡಿದ್ದ. ನಮ್ಮ ಅಜ್ಜಿಯಾಗಿದ್ದರೆ ಅಸ್ತು ದೇವತೆಗಳು ಓಡಾಡುವ ಹೊತ್ತಿನಲ್ಲಿ ಅಂಥ ಮಾತು ಆಡಬಾರದು ಎನ್ನುತ್ತಿದ್ದರು.

ಹಾಗಾದರೆ ನಮ್ಮ ಹುಡುಗಿಯ ಪ್ರಶ್ನೆ. ಕ್ಲಾರ್ಕ್ ಅವರ 3,951 ಅಂಕಗಳು 139 ಪಂದ್ಯಗಳಲ್ಲಿ ಬಂದವು, ಅವುಗಳಲ್ಲಿ 548 ಬುಟ್ಟಿಗಳು ಮೂರು ಅಂಕದವು, ಅದರಿಂದಲೇ 1,644. ಪೀಟ್‌ಗೆ ಇಲ್ಲದ ಗೆರೆ ಮತ್ತು ಇಲ್ಲದ ನಾಲ್ಕನೆಯ ವರ್ಷ ಅವರಿಗಿತ್ತು ಎಂದು ಮೂಗು ಮುರಿಯುವ ಗಂಡಸರು ಎಲ್ಲ ಕಡೆ ಇದ್ದಾರೆ. ಅವರಿಗೆ ನಾನು ಲಿನೆಟ್ ವುಡರ್ಡ್ ಅವರ ಹೆಸರು ಹೇಳುತ್ತೇನೆ. 1977ರಿಂದ 1981ರವರೆಗೆ ಕ್ಯಾನ್ಸಸ್ ವಿಶ್ವವಿದ್ಯಾನಿಲಯಕ್ಕೆ ಆಡಿದ ವುಡರ್ಡ್ 3,649 ಅಂಕ ಗಳಿಸಿದರು, ಅದೂ ಮೂರು ಅಂಕದ ಗೆರೆಯಿಲ್ಲದೆ, ಗಂಡಸರ ಅಳತೆಯ ದೊಡ್ಡ ಚೆಂಡಿನಲ್ಲಿ. ಹೆಂಗಸರ ಕಾಲೇಜು ಆಟವನ್ನು ಆಗ ಬೇರೊಂದು ಸಂಸ್ಥೆ ನಡೆಸುತ್ತಿತ್ತು ಎಂಬ ಒಂದೇ ಕಾರಣಕ್ಕೆ ಆ ಅಂಕಗಳು ಎಷ್ಟೋ ವರ್ಷ ಮುಖ್ಯ ದಾಖಲೆ ಪುಸ್ತಕದ ಹೊರಗೇ ಉಳಿದವು. ದಕ್ಷಿಣ ಕ್ಯಾರೊಲಿನದ ಚಿಕ್ಕ ಕಾಲೇಜೊಂದರ ಪರ್ಲ್ ಮೂರ್ ಅವರದು 4,061, ಅದು ಕ್ಲಾರ್ಕ್ ಅವರದಕ್ಕಿಂತಲೂ ಹೆಚ್ಚು. ಮೊಬೈಲು ಹಿಡಿದ ಹುಡುಗನಿಗಾಗಲಿ ದೂರು ತಂದ ಹುಡುಗಿಗಾಗಲಿ ಆ ಹೆಸರು ಗೊತ್ತಿರಲಿಲ್ಲ.

ಕ್ಲಾರ್ಕ್ ಅವರನ್ನು ನಾನು ಪೀಟ್‌ನ ವಾರಸುದಾರಳೆಂದು ಎಣಿಸುವುದು ಅಂಕಗಳಿಂದಲ್ಲ. ಕಾಲೇಜಿನಲ್ಲಿ ಅವರು 1,144 ಅಸಿಸ್ಟುಗಳನ್ನು ಮಾಡಿದರು. ವೃತ್ತಿಪರ ಆಟಕ್ಕೆ ಬಂದ ಮೊದಲ ವರ್ಷವೇ, 2024ರಲ್ಲಿ, ಇಂಡಿಯಾನ ಫೀವರ್ ತಂಡಕ್ಕೆ ಆಡುತ್ತ ಒಂದೇ ಪಂದ್ಯದಲ್ಲಿ 19 ಅಸಿಸ್ಟ್ ಮಾಡಿ ಹೆಂಗಸರ ಲೀಗಿನ ದಾಖಲೆ ಮುರಿದರು, ಇಡೀ ಋತುವಿನ 337 ಕೂಡ ಆಗ ದಾಖಲೆಯೇ ಆಗಿತ್ತು. ಅವರಿಗೆ ಅದನ್ನು ಬರೆದಿಡುವ ಪುಸ್ತಕವಾದರೂ ಇದೆ.

ದೂರು ತಂದ ಹುಡುಗಿಯ ಅಪ್ಪ ದಿನಾ ಸಂಜೆ ಆರೂವರೆಗೆ ಸ್ಕೂಟರಿನಲ್ಲಿ ಬಂದು, ಡಿಕ್ಕಿಯಿಂದ ಒಂದು ಚಿಕ್ಕ ಡೈರಿ ತೆಗೆದು, "ಮಿಸ್, ಇವತ್ತು ಎಷ್ಟು ಹಾಕಿದಳು?" ಎಂದು ಕೇಳಿ ಬರೆದುಕೊಳ್ಳುತ್ತಾರೆ. ಒಳ್ಳೆಯ ಮನುಷ್ಯ, ಮಳೆ ಬಂದ ದಿನ ಎಲ್ಲ ಮಕ್ಕಳಿಗೂ ಬಿಸಿ ಬಜ್ಜಿ ತರುತ್ತಾರೆ. ಹೋದ ಶುಕ್ರವಾರ ನಾನು, ಪಾಸು ಎಷ್ಟು ಕೊಟ್ಟಳು ಎನ್ನುವುದಕ್ಕೂ ಒಂದು ಕಾಲಂ ಹಾಕಿಕೊಳ್ಳಿ ಸರ್ ಎಂದೆ. ಅವರು ಸ್ವಲ್ಪ ಅನುಮಾನದಿಂದಲೇ ಪುಟದ ನಡುವೆ ಗೆರೆ ಎಳೆದು, ಪೆನ್ನು ಹಿಡಿದು ಕಾಂಪೌಂಡಿನ ಪಕ್ಕ ನಿಂತರು. ಹುಡುಗಿ ಕೋರ್ಟಿನ ನಡುವಿನಿಂದ ಓಡಿ ಬಂದವಳು ಎಡಗಡೆಯ ಗೆಳತಿಯನ್ನು ದಿಟ್ಟಿಸಿ ನೋಡುತ್ತ, ಚೆಂಡನ್ನು ಬೆನ್ನ ಹಿಂದಿನಿಂದ ಬಲಗಡೆಗೆ ಕಳಿಸಿದಳು. ನಿಜಕ್ಕೂ ಸೊಗಸಾದ ಪಾಸು. ಬಲಗಡೆ ಇದ್ದವಳು ಆ ಹೊತ್ತಿಗೆ ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು. ಚೆಂಡು ಅವಳ ಬೆನ್ನ ಮೇಲಿಂದ ಹಾರಿ, ಕೋರ್ಟಿನಾಚೆಯ ಕಲ್ಲಿಗೆ ತಾಗಿ ಮೋರಿಗೆ ಬಿತ್ತು. ಅಪ್ಪ ಪೆನ್ನು ಎತ್ತಿಕೊಂಡೇ ನನ್ನ ಮುಖ ನೋಡಿದರು. ಬರೆದುಕೊಳ್ಳಿ ಎಂದೆ, ಆಮೇಲೆ ಪೊರಕೆಯ ಕೋಲು ತರಲು ಒಬ್ಬನನ್ನು ಓಡಿಸಿ, ಎಲ್ಲರೂ ಸೇರಿ ಮೋರಿಯ ಚಪ್ಪಡಿ ಸರಿಸತೊಡಗಿದೆವು.